ದಾಖಲೆಗಳ ಹೊಸ ಮನೆ

ಶಾಲಾ ಕಛೇರಿಯ ಮೂಲೆಯಲ್ಲಿ ಕುಳಿತಿರುವ ಹಳೆಯ ಗಣಕಯಂತ್ರದಿಂದ ದಾಖಲೆಗಳನ್ನೆಲ್ಲ 'ಕ್ಲೌಡ್' ಎಂಬಲ್ಲಿಗೆ ಸಾಗಿಸಬೇಕೆಂಬ ಮಾತು ಈಚೆಗೆ ನಮ್ಮ ರಕ್ಷಕ-ಶಿಕ್ಷಕ ಸಂಘದಲ್ಲಿ ಎದ್ದಿದೆ. ಬೇಕೆನ್ನುವವರೂ ಇದ್ದಾರೆ, ಬೇಡವೆನ್ನುವವರೂ ಇದ್ದಾರೆ. ಕನ್ನಡ ಅಧ್ಯಾಪಕನಿಗೆ ಇದರಲ್ಲೇನು ಕೆಲಸ ಎಂದು ಯಾರಾದರೂ ಕೇಳಿಯಾರು. ಅಲ್ಲಿಗೆ ಹೋಗಬೇಕಾದ ಹೆಸರುಗಳು ಕನ್ನಡದವು. ಅಷ್ಟೇ ನನ್ನ ಅಧಿಕಾರ.

ಮೊದಲಿಗೆ ಮೋಡದ ವಿಚಾರ. ಕಾಳಿದಾಸನ ಮೇಘದಂತೆ ಇದು ಆಕಾಶದಲ್ಲಿ ತೇಲುವಂಥದ್ದಲ್ಲ. ಬೇರೊಬ್ಬರ ಕಟ್ಟಡದಲ್ಲಿ, ಬೇರೊಬ್ಬರ ಯಂತ್ರದ ಮೇಲೆ, ಬಾಡಿಗೆಗೆ ಪಡೆದ ಜಾಗವೇ ಕ್ಲೌಡ್. ಅಮೆಜಾನ್ ಕಂಪೆನಿಯು ಇಂಥ ಕೇಂದ್ರವನ್ನು ಮುಂಬಯಿಯಲ್ಲಿ 2016ರಲ್ಲಿಯೂ ಹೈದರಾಬಾದಿನಲ್ಲಿ 2022ರಲ್ಲಿಯೂ ತೆರೆಯಿತು. ಕೇರಳದ ಶಾಲಾ ಮಕ್ಕಳ ಮುಖ್ಯ ವಿವರಗಳಾದರೋ 'ಸಂಪೂರ್ಣ' ಎಂಬ ತಂತ್ರಾಂಶದ ಮೂಲಕ ಬಹಳ ಹಿಂದೆಯೇ ಶಾಲೆಯಿಂದಾಚೆಯ ಸರ್ವರಿಗೆ ಹೋಗಿವೆ. ಈಗ ಉಳಿದಿರುವುದು ಶಾಲೆಯು ತಾನಾಗಿ ಕೂಡಿಟ್ಟುಕೊಂಡದ್ದು: ಹಳೆಯ ದಾಖಲಾತಿ ಪುಸ್ತಕದಿಂದ ಟೈಪು ಮಾಡಿದ ಹೆಸರುಗಳು, ಗ್ರಂಥಾಲಯದ ಪಟ್ಟಿ, ದತ್ತಿನಿಧಿ ಬಹುಮಾನದ ಲೆಕ್ಕ, ಹಳೆವಿದ್ಯಾರ್ಥಿಗಳ ವಿವರ.

ಇವು ಇಲ್ಲಿಯೇ ಇದ್ದರೆ ಸುರಕ್ಷಿತವೆಂದು ಹೇಳುವವರ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ನಮ್ಮ ಮಳೆಗಾಲ ಎಂಥದೆಂದು ಎಲ್ಲರಿಗೂ ಗೊತ್ತು. ಗೋಡೆಯೇ ಬೆವರುವ ಆಷಾಢದಲ್ಲಿ ಯಂತ್ರ ಬೆವರದೆ ಇದ್ದೀತೆ? ಅದು ಕಳೆದರೆ ತುಲಾ ತಿಂಗಳ ಸಿಡಿಲು. ಇನ್ನು ದೊಡ್ಡವರ ಮನೆಯ ಉದಾಹರಣೆ ಬೇಕೆಂದರೆ ಅಮೆರಿಕದ ನೆಟ್‌ಫ್ಲಿಕ್ಸ್ ಕಂಪೆನಿ ಇದೆ. 2008ರಲ್ಲಿ ಅದರ ಸ್ವಂತ ಕೇಂದ್ರದ ದತ್ತಸಂಚಯ ಕೆಟ್ಟು ಮೂರು ದಿನ ಗಿರಾಕಿಗಳಿಗೆ ಡಿವಿಡಿ ಕಳುಹಿಸಲಾಗಲಿಲ್ಲ. ಆಗಲೇ ಅದು ಕ್ಲೌಡಿಗೆ ಹೊರಟಿತು. ಹೊರಟದ್ದು ಪೂರ್ತಿಯಾಗಿ ತಲುಪಿದ್ದು 2016ರ ಜನವರಿಯಲ್ಲಿ. ಅಷ್ಟು ಹಣ, ಅಷ್ಟು ತಜ್ಞರಿದ್ದವರಿಗೂ ಏಳು ವರ್ಷ ಹಿಡಿಯಿತು. ಒಂದು ಶನಿವಾರ ಮಧ್ಯಾಹ್ನ ಮುಗಿಸಿಬಿಡೋಣ ಎನ್ನುವ ಉತ್ಸಾಹಿ ಮಿತ್ರರು ಇದನ್ನು ಗಮನಿಸಬೇಕು.

ಹಾಗೆಂದು ಮೋಡವನ್ನೇ ದೇವರೆಂದು ನಂಬುವುದೂ ಸಲ್ಲದು. ಆಸ್ಟ್ರೇಲಿಯಾದಲ್ಲಿ ಯುನಿಸೂಪರ್ ಎಂಬ ನಿವೃತ್ತಿ ನಿಧಿಯಿದೆ; ಸದಸ್ಯರು ಆರು ಲಕ್ಷಕ್ಕೂ ಹೆಚ್ಚು. 2024ರ ಮೇ ತಿಂಗಳಲ್ಲಿ ಅದು ಗೂಗಲ್ ಕ್ಲೌಡಿನಲ್ಲಿ ಇಟ್ಟಿದ್ದ ವ್ಯವಸ್ಥೆಯೇ ಅಳಿಸಿಹೋಯಿತು. ಆರಂಭದಲ್ಲಿ ಗೂಗಲ್ ಕಡೆಯಿಂದ ಒಂದು ವಿವರವನ್ನು ಖಾಲಿ ಬಿಟ್ಟದ್ದೇ ಅದಕ್ಕೆ ಕಾರಣ. ವರ್ಷದ ಅವಧಿ ಮುಗಿದಾಗ ಎಲ್ಲವೂ ತಾನಾಗಿ ಅಳಿಯಿತು. ಎರಡು ಕಡೆ ಇಟ್ಟಿದ್ದ ಪ್ರತಿಗಳೂ ಒಟ್ಟಿಗೆ ಹೋದವು. ನಿಧಿಯವರು ಬೇರೊಂದು ಕಂಪೆನಿಯಲ್ಲಿ ಇನ್ನೊಂದು ಪ್ರತಿಯನ್ನು ಇಟ್ಟಿದ್ದರಿಂದ ಬದುಕಿಕೊಂಡರು. ಇದಕ್ಕೆ ವಿರುದ್ಧವಾದದ್ದು ದಕ್ಷಿಣ ಕೊರಿಯಾದ ಕಥೆ. 2025ರ ಸೆಪ್ಟೆಂಬರ್ 26ರಂದು ಡೇಜಾನ್ ನಗರದ ಸರಕಾರಿ ದತ್ತಾಂಶ ಕೇಂದ್ರದಲ್ಲಿ ಬ್ಯಾಟರಿಗಳನ್ನು ಸ್ಥಳಾಂತರಿಸುವಾಗ ಬೆಂಕಿ ಹತ್ತಿತು. ಸರಕಾರಿ ನೌಕರರು ಕಡತಗಳನ್ನು ಇಡುತ್ತಿದ್ದ ಜಿ-ಡ್ರೈವ್‌ನಲ್ಲಿದ್ದ 858 ಟೆರಾಬೈಟ್ ಮಾಹಿತಿಗೆ ಹೊರಗೆಲ್ಲೂ ಪ್ರತಿಯಿರಲಿಲ್ಲ. ಪ್ರತಿ ತೆಗೆಯಲು ತೀರ ದೊಡ್ಡದಾಯಿತು ಎಂಬುದು ಸಿಕ್ಕಿದ ಸಮಾಧಾನ! ಆದುದರಿಂದ ಸ್ವಂತದ್ದೋ ಬಾಡಿಗೆಯದೋ ಎಂಬ ಜಗಳಕ್ಕಿಂತ, ಒಂದೇ ಕಡೆ ಇದೆಯೋ ಎರಡು ಕಡೆ ಇದೆಯೋ ಎಂಬ ಪ್ರಶ್ನೆ ದೊಡ್ಡದು.

ಆದರೆ ನನ್ನ ನಿಜವಾದ ಕಳವಳ ಬೆಂಕಿಯ ಬಗ್ಗೆ ಅಲ್ಲ. ಬೆಂಕಿ ಬಿದ್ದರೆ ಎಲ್ಲರಿಗೂ ತಿಳಿಯುತ್ತದೆ. ಅಕ್ಷರ ಬಿದ್ದರೆ ತಿಳಿಯುವುದಿಲ್ಲ.

ಗಣಕದ ನೆನಪಿನಲ್ಲಿ ಬೈಟ್ ಎಂಬ ಸಣ್ಣ ಕೋಣೆಗಳಿವೆ. ಇಂದು ಲೋಕದಲ್ಲೆಲ್ಲ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಂತೆ ಒಂದು ಇಂಗ್ಲಿಷ್ ಅಕ್ಷರಕ್ಕೆ ಒಂದು ಕೋಣೆ ಸಾಕು. ಕನ್ನಡದ ಒಂದೊಂದು ಅಕ್ಷರಕ್ಕೂ, ಅದರ ಕಾಗುಣಿತದ ಚಿಹ್ನೆಗೂ, ಒತ್ತಕ್ಷರ ಮಾಡುವ ಅರ್ಧಚಿಹ್ನೆಗೂ ಮೂರು ಮೂರು ಬೇಕು. ಈಗ 'ಲಕ್ಷ್ಮೀನಾರಾಯಣ' ಎಂಬ ಹೆಸರನ್ನು ಬಿಡಿಸಿ ಎಣಿಸಿರಿ. ಲ, ಕ, ಅರ್ಧಚಿಹ್ನೆ, ಷ, ಮತ್ತೊಂದು ಅರ್ಧಚಿಹ್ನೆ, ಮ, ಅದರ ದೀರ್ಘ ಈಕಾರ, ನ, ಅದರ ದೀರ್ಘ, ರ, ಅದರ ದೀರ್ಘ, ಯ, ಣ. ಒಟ್ಟು 13, ಕೋಣೆಗಳು 39. ಇಂಗ್ಲಿಷಿನಲ್ಲಿ ಇದೇ ಹೆಸರಿಗೆ 15 ಸಾಕು. ಹೊಸ ಪಟ್ಟಿಯನ್ನು ಕಟ್ಟಿದವನು ಹೆಸರಿಗೆ 30 ಕೋಣೆ ಧಾರಾಳವೆಂದು ಭಾವಿಸಿದ್ದರೆ, ಆ ಯಂತ್ರವು ತಕರಾರು ಮಾಡದೆ ಉಳಿದದ್ದನ್ನು ಕತ್ತರಿಸುವಂಥದಾಗಿದ್ದರೆ, ನಮ್ಮ ಹುಡುಗ ಆಚೆ ದಡಕ್ಕೆ 'ಲಕ್ಷ್ಮೀನಾರ'ನಾಗಿ ತಲುಪುತ್ತಾನೆ. ಲೆಕ್ಕಕ್ಕೆ ಮಾತ್ರ ಸರಿ: ಇಲ್ಲಿಂದ ಸಾವಿರ ಹೆಸರು ಹೋದವು, ಅಲ್ಲಿ ಸಾವಿರ ಬಂದವು.

ಇನ್ನೊಂದು ತೊಡಕು ಹಳೆಯ ಅಕ್ಷರಶೈಲಿಗಳದ್ದು. ಯುನಿಕೋಡ್ ನಮ್ಮ ಕಛೇರಿಗಳಿಗೆ ಬರುವ ಮುಂಚೆ ಕನ್ನಡವನ್ನು ಟೈಪು ಮಾಡಿದ್ದು ಬೇರೆ ಬಗೆಯಲ್ಲಿ. ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳ ಸಂಕೇತಗಳಿಗೆ ಕನ್ನಡದ ವೇಷ ತೊಡಿಸುತ್ತಿದ್ದರು. ಚೌಕಿಯಲ್ಲಿ ಕಿರೀಟ ಬಿಚ್ಚಿಟ್ಟರೆ ದೇವೇಂದ್ರನು ಊರಿನ ಪರಿಚಿತನಾಗುವಂತೆ, ಆ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡ ಮಾಯವಾಗಿ ಅರ್ಥವಿಲ್ಲದ ರೋಮನ್ ಲಿಪಿ ಉಳಿಯುತ್ತದೆ. ಇದನ್ನು ಯುನಿಕೋಡಿಗೆ ಪರಿವರ್ತಿಸುವ ಉಪಕರಣಗಳಿವೆ, ಪರಿವರ್ತಿಸಿಯೇ ಕಳುಹಿಸಬೇಕು. ಕನ್ನಡವನ್ನರಿಯದ ಪಟ್ಟಿಯೊಳಗೆ ಕನ್ನಡವನ್ನು ತುರುಕಿದರೆ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ನಿಂತುಬಿಡುತ್ತದೆ. ಹಾಗೆ ನಿಂತ ಚಿಹ್ನೆಯಿಂದ ಮೂಲ ಅಕ್ಷರವನ್ನು ಮರಳಿ ಪಡೆಯಲು ಯಾವ ಪಂಡಿತನಿಂದಲೂ ಸಾಧ್ಯವಿಲ್ಲ.

'ಇಷ್ಟೆಲ್ಲ ರಗಳೆಯೇಕೆ, ಇಂಗ್ಲಿಷಿನಲ್ಲಿಯೇ ಇಡೋಣ' ಎಂಬ ಸಲಹೆಯೂ ಬಂದಿದೆ. ಸಲಹೆ ಕೊಟ್ಟವರ ಮೇಲೆ ನನಗೆ ಗೌರವವಿದೆ, ಸಲಹೆಯ ಮೇಲೆ ಇಲ್ಲ. ಸರಳಾ ಎಂಬಲ್ಲಿ ಇರುವುದು ಳಕಾರವೇ ಲಕಾರವೇ, ವಾಣಿಯ ಣಕಾರ ಎಲ್ಲಿ ಹೋಯಿತು ಎಂದು ಆ ಇಪ್ಪತ್ತಾರು ಅಕ್ಷರಗಳನ್ನು ಕೇಳಿ ಉತ್ತರ ಪಡೆಯಲಾಗದು. ನಮ್ಮ ಮಕ್ಕಳ ಹೆಸರು ಈಗಲೇ ಮೂರು ಲಿಪಿಗಳಲ್ಲಿ ಓಡಾಡುತ್ತದೆ. ಮನೆಯಲ್ಲಿ ಕನ್ನಡ, ಪಂಚಾಯತಿಯಲ್ಲಿ ಮಲಯಾಳ, ಪ್ರಮಾಣಪತ್ರದಲ್ಲಿ ಇಂಗ್ಲಿಷ್. ಇವುಗಳಲ್ಲಿ ಯಾವುದು ಮೂಲ ಎಂಬ ತಕರಾರು ಬಂದಾಗ ತೆರೆದು ನೋಡುವ ಪುಸ್ತಕ ಶಾಲೆಯದು. ಅದರಲ್ಲಿಯೂ ಕನ್ನಡವಿಲ್ಲವೆಂದಾದರೆ ಬೇರೆಲ್ಲಿ ಹುಡುಕುವುದು?

ಹೆಸರಿನಂತೆಯೇ ಊರಿನ ಅಂಕಣಕ್ಕೂ ಕಾವಲು ಬೇಕು. 1956ರ ನವೆಂಬರ್ 1ರ ಮೊದಲು ಇಲ್ಲಿ ಹುಟ್ಟಿದವರ ಜಿಲ್ಲೆ ದಕ್ಷಿಣ ಕನ್ನಡ. ಅನಂತರ ಬಹುಕಾಲ ಕಣ್ಣೂರು. ಕಾಸರಗೋಡು ಜಿಲ್ಲೆಯಾದದ್ದು 1984ರ ಮೇ 24ರಂದು. ಹೊಸ ತಂತ್ರಾಂಶದಲ್ಲಿ ಕೇರಳದ 14 ಜಿಲ್ಲೆಗಳಲ್ಲಿ ಒಂದನ್ನು ಆರಿಸು ಎಂಬ ಪಟ್ಟಿ ಮಾತ್ರ ಇದ್ದರೆ, ನಮ್ಮ ಅಜ್ಜಂದಿರು ಹುಟ್ಟಿದ ಜಿಲ್ಲೆಗೆ ಅಲ್ಲಿ ಜಾಗವಿಲ್ಲ. ಆಗ ಗುಮಾಸ್ತರು ಹತ್ತಿರದ್ದೊಂದನ್ನು ಒತ್ತುತ್ತಾರೆ. ಇತಿಹಾಸ ಸದ್ದಿಲ್ಲದೆ ತಿದ್ದಿಹೋಗುತ್ತದೆ. ಅಂಥ ವಿವರಗಳಿಗೆ 'ಮೂಲದಲ್ಲಿದ್ದಂತೆ' ಎಂಬ ಪ್ರತ್ಯೇಕ ಅಂಕಣ ಇಡಿಸುವುದು ಕಷ್ಟದ ಕೆಲಸವಲ್ಲ. ಕೆಲಸ ಆರಂಭವಾಗುವ ಮೊದಲೇ ಕೇಳಬೇಕು, ಅಷ್ಟೆ.

ಪ್ರತಿ ಮಾಡುವಾಗ ತಪ್ಪಾಗುವುದು ಹೊಸ ಸಂಗತಿಯಲ್ಲ. ಕುಂಬಳೆಯ ಪಾರ್ತಿಸುಬ್ಬನ ಪ್ರಸಂಗಗಳು ಓಲೆಗರಿಯಿಂದ ಓಲೆಗರಿಗೆ ನಕಲಾಗುತ್ತ ಬಂದವು. ಪಕಾರ ಷಕಾರವಾಗುವುದು, ಒಂದು ಸಾಲು ಹಾರಿಹೋಗುವುದು, ಇವೆಲ್ಲ ಲಿಪಿಕಾರರ ಸಹಜ ದೋಷಗಳು. ಹಳೆಗನ್ನಡ ಕಾವ್ಯಗಳನ್ನು ಸಂಪಾದಿಸಿದ ವಿದ್ವಾಂಸರು ಹಲವು ಪ್ರತಿಗಳನ್ನು ಎದುರಿಗಿಟ್ಟುಕೊಂಡು ಪಾಠಾಂತರಗಳನ್ನು ಗುರುತಿಸಿದರು. ಹೋಲಿಸಲು ಒಂದಕ್ಕಿಂತ ಹೆಚ್ಚು ಪ್ರತಿಗಳು ಉಳಿದಿದ್ದರಿಂದಲೇ ಅದು ಸಾಧ್ಯವಾಯಿತು. ನಮ್ಮ ದಾಖಲೆಗೂ ಅದೇ ಕ್ರಮ ಸಾಕು. ಪುಸ್ತಕ ಹಿಡಿದು ಒಬ್ಬರು ಓದಬೇಕು. ಹೊಸ ಪರದೆ ನೋಡಿ ಇನ್ನೊಬ್ಬರು ಹೂಂಗುಟ್ಟಬೇಕು. ಹೆಸರು, ಮನೆತನ ಮತ್ತು ಊರು ಮಾತ್ರ. ಜಾತಿ, ಆಧಾರ್ ಸಂಖ್ಯೆ, ಬ್ಯಾಂಕಿನ ವಿವರಗಳು ಮಕ್ಕಳ ಕೈಗೆ ಬರಕೂಡದು. ಮಾಹಿತಿ ರಕ್ಷಣೆಯ 2023ರ ಕಾಯಿದೆಯು ಹದಿನೆಂಟರೊಳಗಿನವರ ವಿವರಗಳಿಗೆ ವಿಶೇಷ ರಕ್ಷೆ ಕೊಟ್ಟಿದೆ ಎಂಬುದನ್ನು ಕೆಲಸ ವಹಿಸಿಕೊಳ್ಳುವ ಕಂಪೆನಿಗೂ ನೆನಪಿಸಬೇಕು.

ಹೆತ್ತವರಲ್ಲಿ ನನ್ನದೊಂದು ಬಿನ್ನಹ. ಸಾಗಣೆ ಮುಗಿದ ಮೇಲೆ ತರಗತಿವಾರು ಹೆಸರಿನ ಪಟ್ಟಿಯನ್ನು ಕನ್ನಡದಲ್ಲಿಯೇ ಅಚ್ಚು ಹಾಕಿ ಪ್ರತಿಯೊಂದು ಮನೆಗೂ ಅವರವರ ಸಾಲನ್ನು ಕಳುಹಿಸಬೇಕೆಂದು ಮುಖ್ಯೋಪಾಧ್ಯಾಯರನ್ನು ಕೇಳಿದ್ದೇನೆ. ಆ ಚೀಟಿ ಬಂದಾಗ ಮಗುವಿನ ಹೆಸರಿನ ಒತ್ತು, ದೀರ್ಘ, ಳಕಾರಗಳನ್ನು ನೋಡಿ ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ ಕಳುಹಿಸಿರಿ. ಎಲ್ಲ ಚೀಟಿಗಳೂ ಮರಳಿ ಬಂದು, ಮುಂದಿನ ಮೇ ತಿಂಗಳ ವರ್ಗಾವಣೆ ಪತ್ರಗಳ ಗಡಿಬಿಡಿ ಒಮ್ಮೆ ಕಳೆಯುವವರೆಗೆ ಆ ಹಳೆಯ ಯಂತ್ರವನ್ನು ಗುಜರಿಯವನಿಗೆ ಕೊಡುವುದು ಬೇಡ.