ಸಂಗೀತದ ವಾನಗಿಯೂ ಕೂಗುವ ಮುದ್ರೆಯೂ

ನಮ್ಮ ಸಂಘದ ಕಳೆದ ಮಾಸದ ಕೂಟದಲ್ಲಿ ಮಾನ್ಯ ಮಿತ್ರರೊಬ್ಬರು, ಅಂತರ್ಜಾಲದಲ್ಲಿ ಮಾರಾಟಕ್ಕಿಡುವ ಸಂಗೀತದ ವಾನಗಿಗಳ ಮೇಲೆಲ್ಲ ಒಡೆಯನ ಹೆಸರನ್ನು ಮಾತಿನಲ್ಲಿ ಪದೇ ಪದೇ ಒತ್ತತಕ್ಕದ್ದೆಂದೂ, ಹಾಗೆ ಮಾಡದ ಸಂಗೀತಗಾರನು ಕದ ತೆರೆದಿಟ್ಟು ಮಲಗುವ ಗೃಹಸ್ಥನಂತೆ ಕಳ್ಳನನ್ನು ತಾನೇ ಕರೆಯುವನೆಂದೂ ಬಹು ಆವೇಶದಿಂದ ವಾದಿಸಿದರು. ಸಭೆಯು ಕರತಾಡನ ಮಾಡಿತು. ಅಂದು ನಾನು ಸುಮ್ಮನಿದ್ದೆನು. ಸುಮ್ಮನಿದ್ದುದು ತಪ್ಪಾಯಿತೆಂದು ತೋರುವುದರಿಂದ ಈಗ ಬರೆಯಬೇಕಾಗಿದೆ.

ಈ ವ್ಯಾಪಾರವನ್ನರಿಯದ ವಾಚಕರಿಗಾಗಿ ಎರಡು ಮಾತು. ಚಲಚ್ಚಿತ್ರ, ಜಾಹೀರಾತು, ನಾಟಕ ಮೊದಲಾದವುಗಳಿಗೆ ಬೇಕಾದ ಸಂಗೀತವನ್ನು ಸಿದ್ಧರೂಪದಲ್ಲಿ ಮಾರುವ ಅಂಗಡಿಗಳು ಅಂತರ್ಜಾಲದಲ್ಲಿವೆ. ಕೊಳ್ಳುವವನು ಮೊದಲು ವಾನಗಿಯನ್ನು ಕೇಳಿ, ಮನಸ್ಸಿಗೆ ಬಂದರೆ ಹಣ ತೆತ್ತು ಶುದ್ಧಪ್ರತಿಯನ್ನು ಪಡೆಯುವನು. ವಾನಗಿಯನ್ನೇ ಯಾರೂ ಕದ್ದು ಬಳಸದಿರಲೆಂದು, ಕೆಲವು ಸೆಕೆಂಡುಗಳಿಗೊಮ್ಮೆ ಅಂಗಡಿಯ ಹೆಸರನ್ನು ಒಂದು ಕಂಠವು ನುಡಿಯುವಂತೆ ಅದರ ಮೇಲೆ ಬೆರಸುವುದುಂಟು. ಆಡಿಯೊಜಂಗಲ್ ಎಂಬ ಅಂಗಡಿಯ ವಾನಗಿಗಳನ್ನು ಕೇಳಿದವರಿಗೆ ರಾಗವು ಮರೆತರೂ ಆ ಹೆಸರು ಮರೆತಿರಲಾರದು.

ಇದನ್ನು ವಾಟರ್‌ಮಾರ್ಕ್ ಎನ್ನುತ್ತಾರೆ. ಹೆಸರೇ ಒಪ್ಪುವುದಿಲ್ಲ. ನೋಟನ್ನೋ ಛಾಪಾಕಾಗದವನ್ನೋ ಬೆಳಕಿಗೆ ಹಿಡಿದರೆ ಒಳಗಿನ ನೀರಚ್ಚು ಕಾಣುವುದು. ಮೇಜಿನ ಮೇಲಿಟ್ಟು ಓದುವವನ ಕಣ್ಣಿಗೆ ಅದು ಅಡ್ಡಬರುವುದಿಲ್ಲ. ಮೂರು ಸಾಲಿಗೊಮ್ಮೆ ಅಕ್ಷರಗಳ ಮೇಲೆಯೇ ಮಸಿಯಿಂದ ಮೊಹರು ಒತ್ತಿದ ಪತ್ರವನ್ನು ಯಾವ ಕಚೇರಿಯೂ ಸ್ವೀಕರಿಸಲಾರದು. ನಮ್ಮ ಮಿತ್ರರು ಕೇಳುತ್ತಿರುವುದು ಅಂಥ ಮೊಹರನ್ನೇ.

ಅವರ ಭಯವು ಸುಳ್ಳೆಂದು ನಾನು ಹೇಳುವುದಿಲ್ಲ. ನನ್ನ ತಂಗಿಯ ಮಗನು ಕೊಳಲು ನುಡಿಸುವವನು. ಅವನು ಪ್ರಕಟಿಸಿದ ಒಂದು ವಾನಗಿಯು ಒಂದು ಕಲ್ಯಾಣಮಂಟಪದ ಜಾಹೀರಾತಿನಲ್ಲಿ ಹೇಳದೆ ಕೇಳದೆ ಸೇರಿಹೋಯಿತು; ಕಾಸೊಂದೂ ಕೈಸೇರಲಿಲ್ಲ. ಸುಟ್ಟುಕೊಂಡ ಹುಡುಗನು ಅಲ್ಲಿಂದ ಮುಂದೆ ಹತ್ತು ಸೆಕೆಂಡಿಗೊಮ್ಮೆ ತನ್ನ ಹೆಸರನ್ನು ಕೂಗಿಸತೊಡಗಿದನು. ಮುಂದಿನ ಫಲವನ್ನೂ ನಾನು ಕಂಡಿದ್ದೇನೆ. ಶುಭಪಂತುವರಾಳಿಯ ಆಲಾಪನೆ, ತಾಳದ ಕಟ್ಟಿಲ್ಲ, ಶ್ರುತಿಯೊಂದೇ ಆಧಾರ. ಕೊಳಲು ಕಾಕಲಿ ನಿಷಾದದಲ್ಲಿ ನಿಂತು ತಾರಷಡ್ಜಕ್ಕೆ ಏರಲೋ ಬೇಡವೋ ಎಂದು ತಡೆಯುವ ಎಡೆಯಿದೆಯಲ್ಲ, ಆ ರಾಗದ ಸಂಕಟವೆಲ್ಲ ಆ ಒಂದು ಉಸಿರಿನಲ್ಲಿರುವುದು. ಸರಿಯಾಗಿ ಅಲ್ಲಿಯೇ ಅವನ ಹೆಸರು ಬಂದು ಬಡಿಯಿತು. ಗಡಿಯಾರವು ರಾಗವನ್ನು ನೋಡಿ ಹೊಡೆಯುವುದಿಲ್ಲವಷ್ಟೆ! ನಾಟಕಕ್ಕೆ ಹಿನ್ನೆಲೆಯನ್ನು ಹುಡುಕುತ್ತಿದ್ದ ಸಜ್ಜನರೊಬ್ಬರು ಅದನ್ನು ಎರಡು ಸಲ ಕೇಳಿ, “ಇದರಲ್ಲಿ ಸಂಗೀತವು ಎಲ್ಲಿದೆಯೆಂದು ತಿಳಿಯಲಿಲ್ಲ” ಎಂದು ಹೊರಟುಹೋದರು. ಅಕ್ಕಿಯ ಮಂಡಿಯಲ್ಲಿ ವಾನಗಿಯ ಹಿಡಿಯಕ್ಕಿಯನ್ನು ಯಾರಾದರೂ ಬೇಯಿಸಿಕೊಂಡಾರೆಂದು ಅದರಲ್ಲಿ ಕಲ್ಲು ಬೆರಸುವ ವರ್ತಕನನ್ನು ನಾನು ಈವರೆಗೆ ಕಂಡಿಲ್ಲ.

ದಾಸರೂ ಶರಣರೂ ತಮ್ಮ ರಚನೆಗಳಲ್ಲಿ ಅಂಕಿತವನ್ನಿಡಲಿಲ್ಲವೆ ಎಂದು ಮಿತ್ರರು ಕೇಳಿದರು. ಅಹುದು, ಇಟ್ಟರು, ಎಲ್ಲಿ ಇಟ್ಟರೆಂಬುದನ್ನು ನೋಡಬೇಡವೆ? ಪುರಂದರ ವಿಠಲನೆಂಬ ಅಂಕಿತವು ಪದದ ಕಡೆಯ ಚರಣದಲ್ಲಿ ತಾಳಕ್ಕೂ ಧಾತುವಿಗೂ ಒಪ್ಪಿ ಬರುವುದು. ದೀಕ್ಷಿತರ ಗುರುಗುಹ ಮುದ್ರೆಯು ಸಾಹಿತ್ಯದೊಳಗೆ ಬೆಸೆದುಕೊಂಡಿರುವುದು. ಅಂಕಿತವನ್ನು ಕಿತ್ತರೆ ಪದವು ಮುರಿಯುವುದು. ಈ ಹೊಸ ಕೂಗನ್ನು ಕಿತ್ತರೆ ಸಂಗೀತವು ಉಸಿರಾಡುವುದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ?

ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ, 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಎಂಬ ಗಾಯಕಿಯು ಗ್ರಾಮಫೋನಿಗೆ ಹಾಡಿದುದನ್ನು ನೆನೆಯಬಹುದು. ಹಾಡು ಮುಗಿದೊಡನೆ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಘೋಷಿಸುತ್ತಿದ್ದಳು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನವರಿಗೆ ಯಾವ ತಟ್ಟೆಗೆ ಯಾರ ಹೆಸರಿನ ಚೀಟಿಯೆಂದು ತಿಳಿಯಬೇಕಾಗಿತ್ತು. ಹೆಸರು ತನ್ನ ಕೆಲಸ ಮಾಡಿತು. ಹಾಡಿನ ಮೈಯನ್ನು ಮುಟ್ಟಲಿಲ್ಲ.

ಇರಲಿ, ಕಿವಿಗೆ ಕಷ್ಟವಾದರೂ ಕಳ್ಳನು ನಿಲ್ಲುವನಾದರೆ ಸಹಿಸೋಣ ಎನ್ನುವವರುಂಟು. ಕಳ್ಳನು ನಿಲ್ಲುವನೆ? ಒಂದೇ ಕಂಠದ ಒಂದೇ ಉಚ್ಚಾರವನ್ನು ಸಾವಿರ ಕೃತಿಗಳ ಮೇಲೆ ಒಂದೇ ತೆರನಾಗಿ ಬೆರಸಿದರೆ, ಆ ಉಚ್ಚಾರದ ಅಲೆಯನ್ನು ತಿಳಿದವನು ಅದನ್ನು ತಲೆಕೆಳಗು ಮಾಡಿ ಮತ್ತೆ ಕೂಡಿಸಿ ಬಹುಮಟ್ಟಿಗೆ ಅಳಿಸಬಲ್ಲನು. ಚಿತ್ರಗಳ ಮೇಲೆ ಒತ್ತುವ ಕಾಣುವ ಮುದ್ರೆಯು ಎಲ್ಲ ಚಿತ್ರಗಳಲ್ಲಿಯೂ ಒಂದೇ ಆಗಿದ್ದರೆ ಯಂತ್ರವೇ ಅದನ್ನು ಕಂಡುಹಿಡಿದು ಒರಸಬಲ್ಲುದೆಂದು ಗೂಗಲ್ ಸಂಸ್ಥೆಯ ಸಂಶೋಧಕರು 2017ರಲ್ಲಿಯೇ ತೋರಿಸಿದರು. 2019ರಲ್ಲಿ ಡೀಜರ್ ಎಂಬ ಫ್ರೆಂಚ್ ಸಂಸ್ಥೆಯು ಹಾಡಿನಿಂದ ಕಂಠವನ್ನೂ ವಾದ್ಯವನ್ನೂ ಬೇರೆ ಬೇರೆ ಮಾಡುವ ಸ್ಪ್ಲೀಟರ್ ಎಂಬ ಸಾಧನವನ್ನು ಬೆಲೆಯಿಲ್ಲದೆ ಲೋಕಕ್ಕೆ ಬಿಟ್ಟಿತು. ಬರಿಯ ಕೊಳಲಿನ ಮೇಲೆ ಕುಳಿತ ಮಾತನ್ನು ಎತ್ತಿಬಿಡುವುದು ಅಂಥ ಸಾಧನಗಳಿಗೆ ಬಲು ಘನವಾದ ಕಾರ್ಯವಲ್ಲ. ಸೋಮಾರಿ ಕಳ್ಳನು ಹಿಂಜರಿಯುವನೆಂದು ಬೇಕಾದರೆ ಒಪ್ಪುತ್ತೇನೆ. ಉದ್ಯೋಗಶೀಲನಾದ ಕಳ್ಳನಿಗೆ ಅದು ಅರೆಗಳಿಗೆಯ ಕೆಲಸ. ಪ್ರಾಮಾಣಿಕನಾದ ಗಿರಾಕಿಗೆ ಮಾತ್ರ ಪೂರ್ತಿ ಶಿಕ್ಷೆ.

ಕಾನೂನಿನ ಮಾತನ್ನೂ ಮಿತ್ರರು ಎತ್ತಿದ್ದರು. ಆದರೆ ಅರ್ಧವನ್ನೇ ಹೇಳಿದರು. ನಮ್ಮ 1957ರ ಕೃತಿಸ್ವಾಮ್ಯದ ಕಾನೂನಿಗೆ 2012ರಲ್ಲಿ ಸೇರಿಸಿದ 65ಬಿ ಕಲಮಿನ ಪ್ರಕಾರ, ಕೃತಿಯ ಹೆಸರು, ಕರ್ತನ ಅಥವಾ ಕಲಾವಿದನ ಹೆಸರು, ಹಕ್ಕುದಾರನ ವಿಳಾಸ ಮೊದಲಾದ ವಿವರಗಳನ್ನು ತಿಳಿದೂ ಅಧಿಕಾರವಿಲ್ಲದೆ ತೆಗೆದುಹಾಕಿದವನಿಗೆ ಎರಡು ವರ್ಷಗಳವರೆಗೆ ಸೆರೆಯೂ ಜುಲ್ಮಾನೆಯೂ ಉಂಟು. ಆ ವಿವರವು ಕೂಗಿಯೇ ಇರಬೇಕೆಂದು ಕಾನೂನು ಎಲ್ಲಿಯೂ ಹೇಳುವುದಿಲ್ಲ. ಕಡತದೊಳಗೆ ಮೌನವಾಗಿ ಬರೆದಿದ್ದರೂ ಅದು ವಿವರವೇ. ಅದೇ ತಿದ್ದುಪಡಿಯ 38ಬಿ ಕಲಮು, ತನ್ನ ಕೀರ್ತಿಗೆ ಕುಂದು ಬರುವಂತೆ ತನ್ನ ಗಾಯನವನ್ನೋ ವಾದನವನ್ನೋ ವಿರೂಪಗೊಳಿಸುವವರನ್ನು ತಡೆಯುವ ಹಕ್ಕನ್ನು ಕಲಾವಿದನಿಗೆ ಕೊಟ್ಟಿದೆ. ಅಂಥ ಹಕ್ಕನ್ನು ಪಡೆದವನು ತನ್ನ ಕೈಯಿಂದಲೇ ತನ್ನ ರಾಗವನ್ನು ಗಾಯಗೊಳಿಸಿ ಅಂಗಡಿಯ ಬಾಗಿಲಿಗೆ ತೂಗುಹಾಕಬೇಕೆನ್ನುವುದು ವಿಚಿತ್ರವಾದ ಹಿತೋಪದೇಶ!

ಹಾಗಾದರೆ ಮಾಡತಕ್ಕದ್ದೇನು? ವಾನಗಿಯು ವಾನಗಿಯಷ್ಟೇ ಇರಲಿ. ಆಪಲ್ ಸಂಸ್ಥೆಯು 2003ರಲ್ಲಿ ಹಾಡಿನ ಅಂಗಡಿಯನ್ನು ತೆರೆದಾಗ ಪ್ರತಿಯೊಂದು ಹಾಡಿನ 30 ಸೆಕೆಂಡುಗಳನ್ನು ಶುದ್ಧವಾಗಿ ಕೇಳಿಸಿತು; ನಡುವೆ ಯಾರೂ ಮಾತನಾಡಲಿಲ್ಲ, ವ್ಯಾಪಾರವೇನೂ ಕೆಡಲಿಲ್ಲ. ಪೂರ್ಣಕೃತಿಯನ್ನೇ ಕೇಳಿಸಬೇಕಾದಲ್ಲಿ ಕೆಳದರ್ಜೆಯ ಪ್ರತಿಯನ್ನು ಕೇಳಿಸಿ, ಉತ್ತಮಪ್ರತಿಯನ್ನು ಹಣ ಕೊಟ್ಟವನಿಗಾಗಿ ಇಡಬಹುದು. ಹೆಸರನ್ನು ಹೇಳಲೇಬೇಕೆಂದರೆ ಮೊದಲಲ್ಲಿ ಒಮ್ಮೆ, ಕಡೆಯಲ್ಲಿ ಒಮ್ಮೆ, ಅದೂ ಕಲಾವಿದನ ಸ್ವಂತ ಕಂಠದಲ್ಲಿ ಆಗಲಿ. ಬಿಗಿಯಾದ ತಾಳದ, ಗದ್ದಲದ ವಾದ್ಯಮೇಳಕ್ಕೆ ನಡುವೆ ಒಂದು ಮುದ್ರೆ ಬಿದ್ದರೆ ನಾನು ಜಗಳಕ್ಕೆ ಬರುವುದಿಲ್ಲ. ಅಲ್ಲಿ ಅದು ನಗಾರಿಯ ಸದ್ದಿನಲ್ಲಿ ಹೇಗೂ ಮುಳುಗುವುದು. ಆಲಾಪನೆಯ ಮೇಲೆ, ತಾನದ ಮೇಲೆ, ತಂಬೂರಿಯ ಮೌನದ ಮೇಲೆ ಅದು ಕೂಡದು.

ತಂಗಿಯ ಮಗನೊಡನೆ ಈ ವಿಷಯದಲ್ಲಿ ಎರಡು ವಾರ ವಾದವಾಯಿತು. ಕಡೆಗೆ ಆ ಶುಭಪಂತುವರಾಳಿಯ ಮೊದಲ 40 ಸೆಕೆಂಡುಗಳನ್ನು ಮಾತ್ರ ಕೂಗಿಲ್ಲದೆ ಪ್ರಕಟಿಸಲು ಅವನು ಒಪ್ಪಿದ್ದಾನೆ, ಹೆಸರು ಕಡೆಯಲ್ಲಿದೆ. ಮುಂದಿನ ಕೂಟಕ್ಕೆ ಎರಡು ಪ್ರತಿಗಳನ್ನೂ ತರುತ್ತೇನೆ. ಮಾನ್ಯ ಮಿತ್ರರು ದಯಮಾಡಿ ಮುಂದಿನ ಸಾಲಿನಲ್ಲಿ ಕುಳಿತು, ಮೊದಲು ಕೂಗಿನ ಪ್ರತಿಯನ್ನು ಪೂರ್ತಿಯಾಗಿ, ಎದ್ದುಹೋಗದೆ ಕೇಳಬೇಕೆಂದು ವಿನಂತಿ.