ಹಿಂದಿನ ಸೀಟಿನ ಮಾತು

ಗಾಡಿ ಕೊಳ್ಳಲು ಹಣವಿಲ್ಲದ ಪ್ರಿಯಕರ ಜೋಡಿ ಸೈಕಲ್ಲಿನಲ್ಲಿ ಸೀಟು ಕೊಡುವೆನೆನ್ನುವ ‘ಡೇಸಿ ಬೆಲ್’ ಹಾಡು ಬಂದದ್ದು 1892ರಲ್ಲಿ. ಅಂಥದೇ ಸೈಕಲ್ಲೊಂದನ್ನು ಗೆಳೆಯನಿಂದ ಎರವಲು ತಂದು, ಐವತ್ತು ದಾಟಿದ ನಾವಿಬ್ಬರೂ ಮೈಸೂರಿನ ಕುವೆಂಪುನಗರದ ಮೈದಾನಕ್ಕೆ ಹೋದೆವು.

ಹ್ಯಾಂಡಲ್, ಬ್ರೇಕ್ ಎಲ್ಲ ಮುಂದಿನವನ ಕೈಯಲ್ಲಿ. ಹಿಂದಿನವಳಿಗೆ ಕಾಣುವುದು ಗಂಡನ ಬೆನ್ನು ಮಾತ್ರ! ಆದರೆ ಎರಡು ಜೊತೆ ಪೆಡಲ್‌ಗಳಿಗೂ ಚೈನಿನ ನಂಟು. ನಾನು ತುಳಿಯುವುದು ನಿಲ್ಲಿಸಿದರೆ ಅವಳ ಕಾಲೂ ನಿಲ್ಲಲೇಬೇಕು. ಹೇಳದೆ ನಿಲ್ಲಿಸಿದೆ. ಅವಳು ಬೆಚ್ಚಿ ವಾಲಿದಳು, ಇಬ್ಬರೂ ಮಣ್ಣುಮುಕ್ಕಿದೆವು.

“ಮುಂದೇನು ಅಂತ ಒಂದು ಮಾತು ಹೇಳಬಾರದೇನ್ರೀ? ಸ್ವಯಂನಿವೃತ್ತಿಗೆ ಸಹಿ ಹಾಕಿದಾಗಲೂ ಹೀಗೇ ಮಾಡಿದ್ರಿ” ಎಂದಳು, ಮಂಡಿ ಒರೆಸಿಕೊಳ್ಳುತ್ತ. ನಿಜ. ಆ ಸುದ್ದಿ ಅವಳಿಗೆ ತಿಳಿದದ್ದು ಪಕ್ಕದ ಮನೆಯಾಕೆಯಿಂದ.

ಮತ್ತೆ ಹತ್ತಿದೆವು. ನಾನು ನೆಲಕ್ಕೆ ಕಾಲೂರಿ ಬ್ರೇಕ್ ಹಿಡಿದೆ. ಅವಳು ಕುಳಿತು, ಪೆಡಲ್ ಮೇಲೆ ಕಾಲಿಟ್ಟು “ಹ್ಞೂಂ” ಎಂದ ಮೇಲೆಯೇ ಹೊರಟೆ. “ಗುಂಡಿ”, “ತಿರುವು”, “ನಿಲ್ಲಿಸ್ತೀನಿ” ಎಂದು ಕೂಗುತ್ತ ಮೂರು ಸುತ್ತು ಮುಗಿಸಿದೆ.

ಮನೆಗೆ ಬರುವ ದಾರಿಯಲ್ಲಿ, ತಿಂಗಳಿಂದ ಬಚ್ಚಿಟ್ಟಿದ್ದ ಸಾಲದ ಸಂಗತಿಯನ್ನೂ ಹೇಳಿಬಿಟ್ಟೆ. ಹಿಂದಿನಿಂದ ಮಾತಿಲ್ಲ. ಆದರೆ ತುಳಿಯುವುದನ್ನು ಅವಳು ನಿಲ್ಲಿಸಲಿಲ್ಲ.