ಉಭಯವೇತನ ಜಾಲದರ್ಶಕ

ಒಬ್ಬ ಅರಸನ ಆಳಾಗಿದ್ದು ಮತ್ತೊಬ್ಬನಿಂದಲೂ ಸಂಬಳ ಪಡೆಯುವ ಗೂಢಚಾರನನ್ನು ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ‘ಉಭಯವೇತನ’ನೆಂದು ಕರೆದಿರುವನು. ಆ ಹೆಸರು ಇಂದು ಮನೆಮನೆಯ ಮೊಬೈಲ್ ಫೋನಿನಲ್ಲಿರುವ ಬ್ರೌಸರೆಂಬ ಜಾಲದರ್ಶಕಕ್ಕೂ ಒಪ್ಪುವಂತಾದುದು ಶೋಚನೀಯವಾದ ಸಂಗತಿ.

2020ನೆಯ ಇಸವಿಯ ಜೂನ್ ತಿಂಗಳಲ್ಲಿ ಬಯಲಿಗೆ ಬಂದ ವೃತ್ತಾಂತವನ್ನು ವಾಚಕರು ಪರಾಂಬರಿಸಬೇಕು. ಬಳಸುವವರ ಗೋಪ್ಯವನ್ನು ಕಾಯುವುದೇ ತನ್ನ ವ್ರತವೆಂದು ಸಾರಿಕೊಂಡ ಬ್ರೌಸರು ‘ಬ್ರೇವ್’. ಅದರಲ್ಲಿ ಬೈನಾನ್ಸ್ ಎಂಬ ಕ್ರಿಪ್ಟೊ ನಾಣ್ಯಪೇಟೆಯ ಅಮೆರಿಕದ ಶಾಖೆಯ ವಿಳಾಸವನ್ನು ಬರೆಯತೊಡಗಿದರೆ, ಬ್ರೌಸರು ಆ ವಿಳಾಸದ ಕೊನೆಗೆ ತನ್ನ ದಲ್ಲಾಳಿ ಗುರುತನ್ನು ತಾನಾಗಿಯೇ ಅಂಟಿಸುತ್ತಿತ್ತು. ಹಾಗೆ ಹೋದವನು ಅಲ್ಲಿ ವ್ಯವಹರಿಸಿದರೆ ಬ್ರೇವ್ ಕಂಪೆನಿಗೆ ಕಮಿಷನ್ ಸಲ್ಲುವ ಏರ್ಪಾಡದು. ಎಲ್ಲಿಗೆ ಹೋಗಬೇಕೆಂದು ನಿಶ್ಚಯಿಸಿದವನು ಬಳಸುವವನು. ದಾರಿ ತೋರಿದ ಕೂಲಿ ಮಾತ್ರ ಬ್ರೌಸರಿಗೆ! ಕಂಪೆನಿಯ ಮುಖ್ಯಸ್ಥ ಬ್ರೆಂಡನ್ ಐಕ್ ತಪ್ಪಾಯಿತೆಂದು ಒಪ್ಪಿ, ತಿದ್ದುವುದಾಗಿ ಹೇಳಿದರು. ಒಪ್ಪಿದುದು ಶ್ಲಾಘ್ಯವೇ ಸರಿ. ಆದರೆ ಬಳಕೆದಾರನೊಬ್ಬನು ಕಂಡುಹಿಡಿದ ಮೇಲೆ ಬಂದ ಒಪ್ಪಿಗೆಯದು.

“ಬಳಸುವವನ ಗಂಟೇನು ಹೋಯಿತು? ಕಮಿಷನ್ ಕೊಡುವವನು ವ್ಯಾಪಾರಿಯಲ್ಲವೇ?” ಎಂದು ಕೆಲವರು ವಾದಿಸಿಯಾರು. ಈ ವಾದವನ್ನು ಅವರು ಫರಂಗಿಪೇಟೆಯ ಅಡಿಕೆ ಬೆಳೆಗಾರನ ಮುಂದಿಟ್ಟು ನೋಡಲಿ. ತನ್ನ ಪರವಾಗಿ ಅಡಿಕೆ ಮಾರಿದ ದಲ್ಲಾಳಿಯು ಕೊಳ್ಳುವ ಸಾಹುಕಾರನಿಂದಲೂ ಗುಟ್ಟಾಗಿ ಹಣ ಪಡೆದನೆಂದು ತಿಳಿದರೆ, ಧಾರಣೆ ಸರಿಯಾಗಿಯೇ ದೊರೆತಿದ್ದರೂ ಬೆಳೆಗಾರನು ಮುಂದಿನ ಕೊಯ್ಲಿನ ಮೂಟೆಗಳನ್ನು ಅವನಿಗೆ ಒಪ್ಪಿಸುವನೇ? ಆ ದಲ್ಲಾಳಿಯ ಮಾತಿನಲ್ಲಿ ತನ್ನ ಹಿತವೆಷ್ಟು, ಸಾಹುಕಾರನ ಹಿತವೆಷ್ಟು ಎಂದು ಅಳೆಯುವ ಕೊಳಗ ಅವನಲ್ಲಿ ಎಲ್ಲಿದೆ? ಒಮ್ಮೆ ಹೋದ ನಂಬಿಕೆಯನ್ನು ಯಾವ ಧಾರಣೆಯೂ ಮರಳಿ ತಾರದು.

1872ರ ಭಾರತೀಯ ಕರಾರು ಕಾಯಿದೆಯ 216ನೆಯ ಕಲಮು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಯಜಮಾನನ ಅರಿವಿಗೆ ಬಾರದಂತೆ ಏಜೆಂಟನು ಅವನ ವ್ಯವಹಾರವನ್ನು ತನ್ನ ಸ್ವಂತ ಲೆಕ್ಕದಲ್ಲಿ ನಡೆಸಿ ಗಳಿಸಿದ ಲಾಭವನ್ನು ಯಜಮಾನನು ಕೇಳಿ ಪಡೆಯಬಹುದು. ಬ್ರೌಸರು ಆ ಕಲಮಿನ ಅರ್ಥದ ಏಜೆಂಟನಲ್ಲವೆಂದು ವಕೀಲರು ವಾದಿಸಿಯಾರು. ಇರಲಿ, ಇನ್ನೊಬ್ಬನ ಪರವಾಗಿ ನಿಂತವನಿಗೆ ಗುಪ್ತಲಾಭ ಸಲ್ಲದೆಂಬ ಧರ್ಮವು ಕಲಮಿಗಿಂತ ಹಳೆಯದು.

ಕಮಿಷನ್ನೇ ಪಾಪವೆಂದು ಯಾರೂ ಹೇಳಲಾರರು. ಬ್ರೌಸರನ್ನು ಕಟ್ಟುವವರಿಗೂ ಹೊಟ್ಟೆಯಿದೆ. ಬೆಲೆಯಿಲ್ಲದೆ ಕೊಟ್ಟ ವಸ್ತುವಿಗೆ ಎಲ್ಲಿಂದಲಾದರೂ ಖರ್ಚು ಹುಟ್ಟಲೇಬೇಕು. ಆದರೆ ಯಾರಿಂದ, ಯಾವುದಕ್ಕಾಗಿ ಹಣ ಬರುವುದೆಂಬುದನ್ನು ಬಳಸುವವನಿಗೆ ಮೊದಲೇ, ಅವನು ಓದಬಲ್ಲ ಕನ್ನಡದಲ್ಲಿ ತಿಳಿಸತಕ್ಕದ್ದು. ಅವನು ಹೂಂ ಎಂದ ಮೇಲೆಯೇ ಗುರುತನ್ನು ಅಂಟಿಸತಕ್ಕದ್ದು. ದಲ್ಲಾಳಿಯು ದಲ್ಲಾಳಿಯೆಂದೇ ಹಲಗೆ ತೂಗಹಾಕಿ ಕುಳಿತರೆ ಯಾರ ತಕರಾರೂ ಇರದು. ಸೇವಕನ ವೇಷದಲ್ಲಿ ಮನೆಯೊಳಗೆ ಬಂದವನು ಹಿತ್ತಿಲ ಬಾಗಿಲಲ್ಲಿ ಕೈಚಾಚುವುದೇ ದ್ರೋಹ.